ಗೇಮ್ ತಡವರಿಸಿತೆಂದು ರ‍್ಯಾಮ್ ತರಲು ಓಡಬೇಡಿ, ಮೊದಲು ಅಳೆಯಿರಿ

ಮಳೆಗಾಲದಲ್ಲಿ ಶಿರಸಿಯ ನಮ್ಮ ಮನೆಗೆ ಎರಡು ಬಗೆಯ ಜನ ಬರುತ್ತಾರೆ. ಹಿಂದಿನ ಸಲ ಕೊಡೆ ಮರೆತು ಹೋದವರು ಮತ್ತು ಪ್ಲಾಸ್ಟಿಕ್ ಕೊಪ್ಪೆಯಲ್ಲಿ ಸಿಪಿಯು ಸುತ್ತಿಕೊಂಡು ಬಂದವರು. ಎರಡನೆಯವರ ಮೊದಲ ಮಾತು ಹೆಚ್ಚುಕಡಿಮೆ ಒಂದೇ: ‘ಗೇಮ್ ಸಿಕ್ಕಾಪಟ್ಟೆ ಹ್ಯಾಂಗ್ ಆಗ್ತಿದೆ, ರ‍್ಯಾಮ್ ಎಷ್ಟು ಹಾಕ್ಸ್ಲಿ?’ ಕೆಲವರು ಕೇಳುವ ಮೊದಲೇ ಹಾಕಿಸಿಕೊಂಡು ಬಂದಿರುತ್ತಾರೆ. ಹುಬ್ಬಳ್ಳಿಯಿಂದಲೋ ಮಡಗಾಂವ್‌ನಿಂದಲೋ ಒಂದು ಸ್ಟಿಕ್ ತಂದು ಸಿಕ್ಕಿಸಿ, ಏನೂ ವ್ಯತ್ಯಾಸ ಕಾಣದೆ ಮುಖ ಸಣ್ಣ ಮಾಡಿಕೊಂಡು ಕೂರುತ್ತಾರೆ.

ನಾನು ಅಂಗಡಿಯವನಲ್ಲ. ನೆಂಟರ, ನೆರೆಯವರ ಕಂಪ್ಯೂಟರ್ ಬಿಚ್ಚಿ ಜೋಡಿಸಿ ಕೈ ಪಳಗಿದವನು, ಅಷ್ಟೇ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತೇನೆ.

ರ‍್ಯಾಮ್ ಎಂದರೆ ಕಂಪ್ಯೂಟರ್ ಕೆಲಸ ಮಾಡುವಾಗ ಬೇಕಾದದ್ದನ್ನು ಕೈಗೆಟುಕುವ ಹಾಗೆ ಇಟ್ಟುಕೊಳ್ಳುವ ಮೆಮೊರಿ, ಅಡಿಕೆ ಹರಗುವ ಅಂಗಳ ಇದ್ದ ಹಾಗೆ. ಹಾರ್ಡ್ ಡಿಸ್ಕ್, ಎಸ್‌ಎಸ್‌ಡಿ ಎಲ್ಲ ಅಟ್ಟ. ಅಂಗಳ ಸಾಲದಿದ್ದರೆ ಬುಟ್ಟಿ ಹೊತ್ತು ಅಟ್ಟಕ್ಕೂ ಅಂಗಳಕ್ಕೂ ಓಡಾಡಬೇಕು. ಗೇಮ್ ತಡವರಿಸುವುದು ಆ ಓಡಾಟದಲ್ಲಿ. ಆದರೆ ಇರುವ ಅಡಿಕೆಗೆ ಅಂಗಳ ಸಾಕಾದ ಮೇಲೆ, ಪಕ್ಕದಲ್ಲಿ ಇನ್ನೊಂದು ಅಂಗಳ ಮಾಡಿದರೆ ಅಡಿಕೆ ಬೇಗ ಒಣಗುತ್ತದೆಯೇ? ಇಲ್ಲ ಅಲ್ವಾ? ಅದರ ಮೇಲೆ ದರ ಬೇರೆ. 2025ರ ಕೊನೆಯ ತಿಂಗಳುಗಳಿಂದ ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳತೊಡಗಿ ಬೆಲೆ ವಿಪರೀತ ಏರಿತು. ‘ಇರಲಿ ಬಿಡಿ, ಜಾಸ್ತಿನೇ ಹಾಕೋಣ’ ಎನ್ನುವ ಕಾಲ ಇದಲ್ಲ.

ಹಂತ 1: ಈಗ ಏನಿದೆ ನೋಡಿ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್, ಅದರೊಳಗೆ ಮೆಮೊರಿ. ಒಟ್ಟು ಎಷ್ಟು ಜಿಬಿ, ಸ್ಪೀಡ್ ಎಷ್ಟು, ಎಷ್ಟು ಸ್ಲಾಟ್ ತುಂಬಿದೆ, ಮೂರನ್ನೂ ಬರೆದಿಟ್ಟುಕೊಳ್ಳಿ. ಹಳೆಯ ಮಶಿನ್‌ನಲ್ಲಿ 8 ಜಿಬಿ ಹಾಕಿದ್ದರೂ ಬಳಕೆಗೆ ಸಿಗುವುದು ಮೂರು ಚಿಲ್ಲರೆ ಎಂದು ತೋರಿಸಿದರೆ 32 ಬಿಟ್ ವಿಂಡೋಸ್ ಇರುವ ಸಾಧ್ಯತೆ ಜಾಸ್ತಿ. ಅದು 4 ಜಿಬಿಯ ಗಡಿ ದಾಟುವುದಿಲ್ಲ. ಅಲ್ಲಿ ಬದಲಿಸಬೇಕಾದದ್ದು ವಿಂಡೋಸ್.

ಹಂತ 2: ಗೇಮ್ ಏನು ಕೇಳುತ್ತದೆ

ಗೇಮ್ ಮಾರುವ ಪುಟದಲ್ಲೇ ಬರೆದಿರುತ್ತದೆ. ವ್ಯಾಲರಂಟ್‌ಗೆ ಕನಿಷ್ಠ 4 ಜಿಬಿ, ಕೌಂಟರ್ ಸ್ಟ್ರೈಕ್ 2ಕ್ಕೆ 8. 2015ರಲ್ಲಿ ಪಿಸಿಗೆ ಬಂದ ಜಿಟಿಎ 5ಕ್ಕೆ ಕನಿಷ್ಠ 4, ಶಿಫಾರಸು 8. ಸೈಬರ್‌ಪಂಕ್ 2077ಕ್ಕೆ ಈಗ ಕನಿಷ್ಠ 12, ಶಿಫಾರಸು 16. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2024 ಕನಿಷ್ಠ 16, ಶಿಫಾರಸು 32, ಆದರ್ಶ 64 ಎನ್ನುತ್ತದೆ.

‘ಕನಿಷ್ಠ’ ಎಂದರೆ ಗೇಮ್ ತೆರೆಯುತ್ತದೆ ಎಂದಷ್ಟೇ ಅರ್ಥ. ಶಿಫಾರಸಿನ ಅಂಕಿಯನ್ನು ನಂಬಿ. ಆದರೆ ಹಿಂದೆ ಇಪ್ಪತ್ತು ಟ್ಯಾಬ್ ಕ್ರೋಮ್, ಡಿಸ್ಕಾರ್ಡ್, ಒಂದು ಯಕ್ಷಗಾನದ ವಿಡಿಯೋ ಓಡುತ್ತಿರುವ ನಿಮ್ಮ ಮನೆಯ ಲೆಕ್ಕ ಅದರಲ್ಲಿ ಇಲ್ಲ. ಆ ಲೆಕ್ಕ ನೀವೇ ಹಾಕಬೇಕು.

ಹಂತ 3: ಆಡುತ್ತ ಅಳೆಯಿರಿ

ಎಲ್ಲರೂ ಎಡವುವುದು ಇಲ್ಲೇ. ಟಾಸ್ಕ್ ಮ್ಯಾನೇಜರ್ ತೆರೆದು ಮೆಮೊರಿ 85% ಎಂದು ಕಂಡ ಕೂಡಲೇ ರ‍್ಯಾಮ್ ಸಾಲದು ಎಂದು ತೀರ್ಮಾನಿಸುತ್ತಾರೆ. ಇಲ್ಲವೇ ಗೇಮ್‌ನ ಮೊದಲ ಮೆನುವಿನಲ್ಲೇ ನೋಡಿ, ‘ಇನ್ನೂ ಅರ್ಧ ಖಾಲಿ ಇದೆ’ ಎಂದು ಸುಮ್ನಾಗುತ್ತಾರೆ. ಎರಡೂ ತಪ್ಪು.

ದಿನಾ ಆಡುವಾಗ ಏನೇನು ತೆರೆದಿರುತ್ತೀರೋ ಅದೆಲ್ಲ ತೆರೆದೇ ಇರಲಿ. ಪರೀಕ್ಷೆಗೆಂದು ಕ್ರೋಮ್ ಮುಚ್ಚಬೇಡಿ. ಮುಕ್ಕಾಲು ಗಂಟೆ ಆಡಿ. ಗೇಮ್‌ನಲ್ಲಿ ಜನ, ವಾಹನ ಕಿಕ್ಕಿರಿದ ಜಾಗಕ್ಕೆ ಹೋಗಿ. ಒಂದು ಊರಿಂದ ಇನ್ನೊಂದು ಊರಿಗೆ ಓಡಾಡಿ. ಮೆಮೊರಿ ತುಂಬುವುದು ನಿಧಾನಕ್ಕೆ, ಹೊಸ ಹೊಸ ನಕ್ಷೆ ಲೋಡ್ ಆದ ಹಾಗೆ. ಆಮೇಲೆ ಆಲ್ಟ್, ಟ್ಯಾಬ್ ಒತ್ತಿ ಹೊರಬನ್ನಿ. ಟಾಸ್ಕ್ ಮ್ಯಾನೇಜರ್ ಗ್ರಾಫ್ ಹಿಂದಿನ 60 ಸೆಕೆಂಡ್ ಮಾತ್ರ ತೋರಿಸುತ್ತದೆ, ಹಾಗಾಗಿ ತಡಮಾಡಬೇಡಿ. ಹೊರಬರುವುದು ಕಿರಿಕಿರಿ ಎಂದರೆ ವಿಂಡೋಸ್ ಕೀ ಮತ್ತು ಜಿ ಒತ್ತಿ. ಗೇಮ್ ಬಾರ್‌ನ ಪರ್ಫಾರ್ಮೆನ್ಸ್ ಡಬ್ಬಿಯನ್ನು ಪರದೆಯ ಮೂಲೆಗೆ ಪಿನ್ ಮಾಡಿದರೆ ಆಡುತ್ತಲೇ ಕಾಣುತ್ತದೆ.

ಈಗ ಅಂಕಿಗಳನ್ನು ಓದುವುದು. ನಾಲ್ಕು ಹೆಸರು ಕಾಣುತ್ತವೆ.

‘ಇನ್ ಯೂಸ್’ ಎಂದರೆ ಪಂಕ್ತಿಯಲ್ಲಿ ಕೂತು ಉಣ್ಣುತ್ತಿರುವವರು. ‘ಅವೈಲೆಬಲ್’ ಎಂದರೆ ಇನ್ನೂ ಹಾಕಬಹುದಾದ ಎಲೆ. ‘ಕ್ಯಾಶ್ಡ್’ ನೋಡಿ ಹೆದರಬೇಡಿ. ಖಾಲಿ ಜಾಗ ಇದೆಯೆಂದು ವಿಂಡೋಸ್ ಮುಂಚಿತವಾಗಿ ತಂದಿಟ್ಟುಕೊಂಡದ್ದೇ ಅದರಲ್ಲಿ ಹೆಚ್ಚು. ಗೇಮ್ ಕೇಳಿದರೆ ಬಿಟ್ಟುಕೊಡುತ್ತದೆ. ನಾಲ್ಕನೆಯದು ‘ಕಮಿಟೆಡ್’. ಇದು ಮದುವೆಗೆ ಕರೆದವರ ಪಟ್ಟಿ. ಪ್ರೋಗ್ರಾಮ್‌ಗಳು ‘ನಮಗೆ ಇಷ್ಟು ಬೇಕಾಗಬಹುದು’ ಎಂದು ಹೇಳಿಟ್ಟ ಒಟ್ಟು ಲೆಕ್ಕ. ಕರೆದವರೆಲ್ಲ ಊಟಕ್ಕೆ ಬರುವುದಿಲ್ಲ. ಹಾಗಾಗಿ ಕಮಿಟೆಡ್ 22 ಜಿಬಿ ಇದೆ ಎಂದು 32 ಜಿಬಿ ಕೊಳ್ಳುವುದು ದುಡುಕು.

ಆದರೆ 8 ಜಿಬಿ ಇರುವವರು ಕಮಿಟೆಡ್ ನೋಡಲೇಬೇಕು. ಚಪ್ಪರದಲ್ಲಿ ಎಂಬತ್ತೇ ಎಲೆಗೆ ಜಾಗ ಇದ್ದರೆ, ಪಂಕ್ತಿ ಎಣಿಸಿ ಎಷ್ಟು ಜನ ಬಂದಿದ್ದಾರೆ ಎಂದು ಹೇಳಲು ಆಗುವುದಿಲ್ಲ. ಎಣಿಕೆ ಎಂಬತ್ತಕ್ಕೇ ನಿಲ್ಲುತ್ತದೆ. ಉಳಿದವರು ಹೊರಗೆ ಮಳೆಯಲ್ಲಿ.

ಕುಮಟೆಯಿಂದ ಬಂದ ಹುಡುಗನೊಬ್ಬನ ಮಶಿನ್‌ನಲ್ಲಿ ಕಂಡದ್ದು ಇದೇ. 8 ಜಿಬಿಯ ಒಂದೇ ಸ್ಟಿಕ್. ಇನ್ ಯೂಸ್ 7.4. ಕಮಿಟೆಡ್ 15.6. ಗೇಮ್‌ನಲ್ಲಿ ಕಾರು ತಿರುವು ತೆಗೆದುಕೊಂಡಾಗಲೆಲ್ಲ ಚಿತ್ರ ಅರ್ಧ ಸೆಕೆಂಡ್ ಹೆಪ್ಪುಗಟ್ಟುತ್ತಿತ್ತು. ಕ್ಯಾಬಿನೆಟ್ ಮುಂದಿನ ಡಿಸ್ಕ್‌ನ ದೀಪ ಅದೇ ಹೊತ್ತಿಗೆ ಪಟಪಟ ಹೊಳೆಯುತ್ತಿತ್ತು. ಬುಟ್ಟಿ ಹೊತ್ತು ಅಟ್ಟಕ್ಕೆ ಓಡುವುದು ಕಣ್ಣಿಗೇ ಕಾಣುತ್ತಿತ್ತು.

ದೀಪ ಇಲ್ಲದ ಕ್ಯಾಬಿನೆಟ್ ಇದ್ದರೂ ಚಿಂತೆ ಇಲ್ಲ. ಸ್ಟಾರ್ಟ್‌ನಲ್ಲಿ ರಿಸೋರ್ಸ್ ಮಾನಿಟರ್ ಎಂದು ಹುಡುಕಿ, ಮೆಮೊರಿ ಟ್ಯಾಬ್ ತೆರೆಯಿರಿ. ಬಲಕ್ಕೆ ‘ಹಾರ್ಡ್ ಫಾಲ್ಟ್ಸ್’ ಎಂಬ ಗ್ರಾಫ್ ಇದೆ. ಹೆಸರು ಭಯಂಕರ, ಆದರೆ ಯಾವುದೂ ಕೆಟ್ಟಿಲ್ಲ. ಬೇಕಾದದ್ದು ರ‍್ಯಾಮ್‌ನಲ್ಲಿ ಸಿಗದೆ ಡಿಸ್ಕ್‌ನಿಂದ ತರಬೇಕಾದದ್ದು ಸೆಕೆಂಡಿಗೆ ಎಷ್ಟು ಸಲ ಎಂಬ ಲೆಕ್ಕ ಅಷ್ಟೇ. ಗೇಮ್ ಲೋಡ್ ಆಗುವಾಗ ಅದು ಜಿಗಿಯುವುದು ಸಹಜ. ಆಟದ ನಡುವೆ, ತಡವರಿಸಿದಾಗಲೆಲ್ಲ ನೂರಾರು ತೋರಿಸುತ್ತ ನಿಂತರೆ ಮಾತ್ರ ನಿಮಗೆ ರ‍್ಯಾಮ್ ಸಾಲದು. ಮೆಮೊರಿ 85% ಇದ್ದು ಈ ಗ್ರಾಫ್ ತಣ್ಣಗಿದ್ದರೆ ಇದ್ದದ್ದು ಸಾಕು. ಆ ಹುಡುಗನಿಗೆ 16 ಮಾಡಿದೆವು. ಅದೇ ಗೇಮ್, ಅದೇ ಕ್ರೋಮ್, ಇನ್ ಯೂಸ್ 11ರ ಆಸುಪಾಸು ನಿಂತಿತು. ಕಮಿಟೆಡ್ ಹೇಳಿದ ಹದಿನೈದೂವರೆ ಬೇಕಾಗಲೇ ಇಲ್ಲ.

ಈ ಹಂತದಲ್ಲಿ ‘ರ‍್ಯಾಮ್ ಕ್ಲೀನರ್’, ‘ಗೇಮ್ ಬೂಸ್ಟರ್’ ಎಂಬ ಸಾಫ್ಟ್‌ವೇರ್ ಹಾಕಿಕೊಳ್ಳುವವರಿದ್ದಾರೆ. ಅವು ಮಾಡುವುದು ವಿಂಡೋಸ್ ಜೋಡಿಸಿಟ್ಟದ್ದನ್ನು ಗುಡಿಸಿ ಹಾಕುವ ಕೆಲಸ. ಅದನ್ನೆಲ್ಲ ಗೇಮ್ ಮತ್ತೆ ಡಿಸ್ಕ್‌ನಿಂದ ತರಬೇಕು. ಕಿತ್ತೆಸೆಯಿರಿ. ‘ಪೇಜ್ ಫೈಲ್ ಆಫ್ ಮಾಡಿದರೆ ವೇಗ ಬರುತ್ತದೆ’ ಎನ್ನುವ ವಿಡಿಯೋಗಳನ್ನೂ ನಂಬಬೇಡಿ. ಪೇಜ್ ಫೈಲ್ ಎಂದರೆ ರ‍್ಯಾಮ್ ಸಾಲದಾಗ ವಿಂಡೋಸ್ ಡಿಸ್ಕ್‌ನಲ್ಲಿ ಬಳಸುವ ಜಾಗ. ಅದಿಲ್ಲದೆ ಮೆಮೊರಿ ಮುಗಿದರೆ ಗೇಮ್ ತಡವರಿಸುವುದಿಲ್ಲ, ನೇರ ಮುಚ್ಚಿಕೊಳ್ಳುತ್ತದೆ.

ಹಂತ 4: ಕಳ್ಳ ಗ್ರಾಫಿಕ್ಸ್ ಕಾರ್ಡ್ ಅಲ್ಲ ತಾನೇ?

ಗ್ರಾಫಿಕ್ಸ್ ಕಾರ್ಡ್‌ಗೆ ತನ್ನದೇ ಮೆಮೊರಿ ಇರುತ್ತದೆ. ಅದು ತುಂಬಿದರೂ ಗೇಮ್ ಇದೇ ಥರ ತಡವರಿಸುತ್ತದೆ. ಕಾರವಾರದ ಕೋಡಿಬಾಗದಲ್ಲಿರುವ ನನ್ನ ಭಾವ 16 ಇದ್ದದ್ದನ್ನು 32 ಮಾಡಿಸಿ, ತಡವರಿಕೆ ಹಾಗೇ ಉಳಿದಾಗ ಫೋನ್ ಮಾಡಿದ್ದ. ಟಾಸ್ಕ್ ಮ್ಯಾನೇಜರ್‌ನಲ್ಲಿ ಜಿಪಿಯು ಒತ್ತಲು ಹೇಳಿದೆ. ಡೆಡಿಕೇಟೆಡ್ ಮೆಮೊರಿ, ಅಂದರೆ ಕಾರ್ಡ್‌ನ ಸ್ವಂತದ್ದು, 4 ಜಿಬಿಯಲ್ಲಿ 3.9 ತುಂಬಿ, ರ‍್ಯಾಮ್‌ನಿಂದ ಕಡ ತರುವ ಶೇರ್ಡ್ ಮೆಮೊರಿ ಎರಡೂವರೆ ದಾಟಿತ್ತು. ಗೇಮ್‌ನ ಸೆಟ್ಟಿಂಗ್‌ನಲ್ಲಿ ಟೆಕ್ಸ್ಚರ್, ಅಂದರೆ ಚಿತ್ರದ ವಿವರದ ಮಟ್ಟವನ್ನು, ಅಲ್ಟ್ರಾದಿಂದ ಮೀಡಿಯಮ್‌ಗೆ ಇಳಿಸಿದ. ಸರಿಹೋಯಿತು. ಖರ್ಚು ಸೊನ್ನೆ. ಖರ್ಚು ಮಾಡಿ ಆಗಿತ್ತು, ಅದು ಬೇರೆ ಮಾತು.

ಬೇರೆ ಕಾರ್ಡ್ ಇಲ್ಲದೆ, ರೈಜನ್ 5600ಜಿ ಥರದ ಪ್ರೊಸೆಸರ್‌ನ ಒಳಗಿನ ಗ್ರಾಫಿಕ್ಸ್‌ನಲ್ಲೇ ಆಡುವವರ ಕತೆ ಉಲ್ಟಾ. ಅವರ ಗ್ರಾಫಿಕ್ಸ್ ಕೂಡ ರ‍್ಯಾಮ್‌ನಿಂದಲೇ ಪಾಲು ಎತ್ತಿಕೊಳ್ಳುತ್ತದೆ. ಟಾಸ್ಕ್ ಮ್ಯಾನೇಜರ್‌ನ ‘ಹಾರ್ಡ್‌ವೇರ್ ರಿಸರ್ವ್ಡ್’ನಲ್ಲಿ ಮೀಸಲಿಟ್ಟ ಪಾಲು ಕಾಣುತ್ತದೆ. ಇವರಿಗೆ 8 ಸಾಲುವುದೇ ಇಲ್ಲ. ಎರಡು ಸ್ಟಿಕ್ ಇರಲೇಬೇಕು.

ಹಂತ 5: ಅಂಕಿ ಆರಿಸಿ

ಹಂತ 3ರಲ್ಲಿ ರ‍್ಯಾಮ್ ಸಾಲದು ಎಂದು ಕಂಡವರು ಮಾತ್ರ ಈ ಲೆಕ್ಕ ಹಾಕಿ. ಇನ್ ಯೂಸ್ ಏರಿದ ಗರಿಷ್ಠ ಅಂಕಿಗೆ ಕಾಲು ಭಾಗ ಸೇರಿಸಿ. 8, 16, 32ರಲ್ಲಿ ಅದರ ಮೇಲಿನ ಮೊದಲ ಅಳತೆ ನಿಮ್ಮದು. ಹೊಸದಾಗಿ ಮಶಿನ್ ಕಟ್ಟುವವರಿಗೆ ಅಳೆಯಲು ಏನೂ ಇರುವುದಿಲ್ಲ, ಅವರಿಗೆ ನನ್ನ ಮಾತು: 16. ಫ್ಲೈಟ್ ಸಿಮ್ಯುಲೇಟರ್ ಆಡುವವರು, ಗೇಮ್‌ಗೆ ಹೊರಗಿನವರು ಮಾಡಿದ ಬದಲಾವಣೆಗಳನ್ನು (ಮಾಡ್) ತುಂಬುವವರು, ಆಡುತ್ತ ಸ್ಟ್ರೀಮ್ ಮಾಡುವವರು 32. ಗೇಮ್‌ಗೆಂದೇ 64 ಹಾಕಿಸುವವರ ಜತೆ ನಾನು ವಾದಿಸುವುದಿಲ್ಲ, ಚಹಾ ಕೊಟ್ಟು ಕಳಿಸುತ್ತೇನೆ.

ಹಂತ 6: ಜೋಡಿಯಾಗಿ ಕೊಳ್ಳಿ

16 ಬೇಕೆಂದರೆ 8ರ ಎರಡು, ಒಂದೇ ಡಬ್ಬಿಯ ಜೋಡಿ. ಎರಡು ಸ್ಟಿಕ್ ಇದ್ದರೆ ಪ್ರೊಸೆಸರ್‌ಗೆ ಎರಡು ದಾರಿ ತೆರೆಯುತ್ತದೆ. ಒಂದೇ ಸ್ಟಿಕ್ ಎಂದರೆ ಒಂದೇ ದಾರಿ. ‘ಈಗ 16ರ ಒಂದು ಹಾಕಿ, ಆಮೇಲೆ ಇನ್ನೊಂದು ಹಾಕೋಣ’ ಎನ್ನುವ ಅಂಗಡಿಯವರ ಮಾತಿಗೆ ತಲೆಯಾಡಿಸಬೇಡಿ. ಆ ‘ಆಮೇಲೆ’ ಬರುವಾಗ ಅದೇ ಮಾದರಿ ಸಿಗುವುದಿಲ್ಲ. ಬೇರೆ ಮಾದರಿ ಹಾಕಿದರೆ ಎರಡೂ ನಿಧಾನದ್ದರ ವೇಗಕ್ಕೆ ಇಳಿಯುತ್ತವೆ, ಕೆಲವೊಮ್ಮೆ ಮಶಿನ್ ಏಳುವುದೇ ಇಲ್ಲ. ಹಾಗೆಂದು ನಾಲ್ಕೂ ಸ್ಲಾಟ್ ತುಂಬುವುದೂ ಬೇಡ. ಹೊಸ ತಲೆಮಾರಿನ ರ‍್ಯಾಮ್ ಆದ ಡಿಡಿಆರ್5ರಲ್ಲಿ ಇದು ಹೆಚ್ಚು ನಿಜ. ರೈಜನ್ 7000 ಸರಣಿಯ ಪ್ರೊಸೆಸರ್‌ಗೆ ಅದರ ತಯಾರಕ ಎಎಂಡಿ ಹೇಳುವ ವೇಗ ಎರಡು ಸ್ಟಿಕ್‌ಗೆ 5200, ನಾಲ್ಕಕ್ಕೆ 3600.

ಡಿಡಿಆರ್4, ಡಿಡಿಆರ್5 ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಎರಡಕ್ಕೂ 288 ಪಿನ್ ಇದ್ದರೂ ನಡುವಿನ ಗೀರು ಬೇರೆ ಕಡೆ. ಎಎಂಡಿಯ ಎಎಂ4 ಮದರ್‌ಬೋರ್ಡ್‌ಗೆ ಡಿಡಿಆರ್4, ಎಎಂ5ಕ್ಕೆ ಡಿಡಿಆರ್5. ಇಂಟೆಲ್‌ನ 12ರಿಂದ 14ನೇ ತಲೆಮಾರಿನ ಬೋರ್ಡ್‌ಗಳಲ್ಲಿ ಎರಡೂ ಬಗೆ ಇವೆ, ಬೋರ್ಡ್ ಹೆಸರು ನೋಡಿಯೇ ಕೊಳ್ಳಿ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಕಂಡ ಸರ್ವರ್ ರ‍್ಯಾಮ್ ತರಿಸಿ ನಾನೂ ಒಮ್ಮೆ ಮೋಸ ಹೋಗಿದ್ದೇನೆ. ‘ರಿಜಿಸ್ಟರ್ಡ್’ ಎಂದು ಬರೆದದ್ದನ್ನು ನಾನು ಓದಿರಲಿಲ್ಲ. ಸ್ಲಾಟ್‌ನಲ್ಲಿ ಚೆಂದವಾಗಿ ಕೂತಿತು, ಮಶಿನ್ ಮಾತ್ರ ಏಳಲಿಲ್ಲ. ಬಣ್ಣದ ದೀಪದ ಸ್ಟಿಕ್‌ಗಳ ಬಗ್ಗೆ ಒಂದೇ ಮಾತು: ದೀಪ ಬೇಕಿದ್ದರೆ ದೀಪಾವಳಿಗೆ ಕೊಳ್ಳಿ.

ಹಂತ 7: ಹಾಕುವುದು

ಕರೆಂಟ್ ತೆಗೆದು, ಕ್ಯಾಬಿನೆಟ್‌ನ ಕಬ್ಬಿಣ ಮುಟ್ಟಿ, ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟ್‌ಗೆ ಟಕ್ ಎನ್ನುವ ತನಕ ಒತ್ತಿ. ನಾಲ್ಕು ಸ್ಲಾಟ್‌ನ ಹೆಚ್ಚಿನ ಬೋರ್ಡ್‌ಗಳಲ್ಲಿ ಕ್ರಮ ಇದೇ.

ಕರಾವಳಿಯವರಿಗೆ ಇನ್ನೊಂದು ಮಾತು. ಕಾರವಾರ, ಅಂಕೋಲೆ, ಹೊನ್ನಾವರದ ಉಪ್ಪುಗಾಳಿಗೆ, ನಮ್ಮ ಕಡೆ ಆಷಾಢದ ಥಂಡಿಗೆ, ಸ್ಟಿಕ್‌ನ ಚಿನ್ನದ ಬಣ್ಣದ ಹಲ್ಲುಗಳು ಮಂಕಾಗುತ್ತವೆ. ಮಶಿನ್ ಬೀಪ್ ಬೀಪ್ ಎಂದು ನಿಂತರೆ ‘ರ‍್ಯಾಮ್ ಸತ್ತಿತು’ ಎಂದು ಹೊಸದು ತರಬೇಡಿ. ಹೊರತೆಗೆದು, ಮಕ್ಕಳ ಬಿಳಿ ರಬ್ಬರ್‌ನಿಂದ ಹಲ್ಲುಗಳನ್ನು ಮೆಲ್ಲಗೆ ಉಜ್ಜಿ, ಪುಡಿ ಊದಿ, ಮತ್ತೆ ಹಾಕಿ. ಎಷ್ಟೋ ಸಲ ಅಷ್ಟಕ್ಕೇ ಎದ್ದು ಕೂರುತ್ತದೆ.

ಹಾಕಿದ ಮೇಲೆ ಬಯೋಸ್‌ಗೆ, ಅಂದರೆ ವಿಂಡೋಸ್ ಏಳುವ ಮೊದಲು ತೆರೆಯುವ ಸೆಟ್ಟಿಂಗ್‌ಗೆ, ಹೋಗಿ ಎಕ್ಸ್‌ಎಂಪಿ ಆನ್ ಮಾಡಿ. ಸ್ಟಿಕ್ ತನ್ನ ಪೂರ್ತಿ ವೇಗದಲ್ಲಿ ಓಡುವಂತೆ ಮಾಡುವ ಆಯ್ಕೆ ಅದು. ಎಎಂಡಿಯ ಹೊಸ ಬೋರ್ಡ್‌ಗಳಲ್ಲಿ ಇದರ ಹೆಸರು ಎಕ್ಸ್‌ಪೋ. ಇದನ್ನು ಮರೆತರೆ 3200ರ ಡಿಡಿಆರ್4 ಸ್ಟಿಕ್ 2133ರಲ್ಲೋ 2400ರಲ್ಲೋ ತೆವಳುತ್ತಿರುತ್ತದೆ, 6000ದ ಡಿಡಿಆರ್5 ಹೆಚ್ಚಾಗಿ 4800ರಲ್ಲಿ. ಅಂಗಡಿಯಲ್ಲೇ ಜೋಡಿಸಿಕೊಂಡು ಬಂದ ಮಶಿನ್‌ಗಳಲ್ಲೂ ಇದು ಆಫ್ ಇರುವುದನ್ನು ಬೇಕಾದಷ್ಟು ಕಂಡಿದ್ದೇನೆ. ಹಂತ 1ರಲ್ಲಿ ಸ್ಪೀಡ್ ಬರೆದಿಟ್ಟುಕೊಳ್ಳಿ ಎಂದದ್ದು ಇದಕ್ಕೇ. ಅದನ್ನು ಸ್ಟಿಕ್ ಮೇಲಿನ ಚೀಟಿಯ ಜತೆ ಹೋಲಿಸಿ.

ಕೊನೆಗೆ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಎಂಬ ಸಾಫ್ಟ್‌ವೇರ್ ಅನ್ನು ಪೆನ್ ಡ್ರೈವ್‌ಗೆ ಹಾಕಿ, ಅದರಿಂದ ಮಶಿನ್ ಎಬ್ಬಿಸಿ, ರಾತ್ರಿ ಓಡಲು ಬಿಟ್ಟು ಮಲಗಿ. ಬೆಳಿಗ್ಗೆ ಒಂದೇ ಒಂದು ಕೆಂಪು ಸಾಲು ಕಂಡರೂ ಎಕ್ಸ್‌ಎಂಪಿ ಆಫ್ ಮಾಡಿ ಇನ್ನೊಮ್ಮೆ ಓಡಿಸಿ. ಆಗಲೂ ಕೆಂಪು ಬಂದರೆ ಬಿಲ್ಲು ಹುಡುಕಿ ಸ್ಟಿಕ್ ವಾಪಸ್ ಕೊಡಿ. ಜುಲೈನಲ್ಲಿ ಮಾಡುವವರು ಯುಪಿಎಸ್ ನೋಡಿಕೊಂಡೇ ಶುರು ಮಾಡಿ. ನಮ್ಮಲ್ಲಿ ಕಳೆದ ಸಲ ನಾಲ್ಕು ರಾತ್ರಿ ಬೇಕಾಯಿತು, ಮೂರು ರಾತ್ರಿ ಕರೆಂಟ್ ಹೋಗಿತ್ತು.