ಬ್ಯಾಸಿಗ್ಯಾಗ ಪ್ಯಾಕೆಟ್ ಹಾಲು: ಹೆಂಗ್ ತಗೋಬೇಕು, ಹೆಂಗ್ ಇಡಬೇಕು

ನಮ್ ಕೊಪ್ಪಳ, ಗಂಗಾವತಿ ಕಡೆ ಏಪ್ರಿಲ್ ಬಂತಂದ್ರ ಮನಿ ಮನಿಗೆ ಹಾಲು ಒಡೀತು ಅನ್ನೋ ಗೋಳು, ಅದ್ರ ಹಿಂದನ ವಾಟ್ಸಾಪ್‌ನ್ಯಾಗ ಪ್ಲಾಸ್ಟಿಕ್ ಹಾಲು, ಯೂರಿಯಾ ಹಾಲು ಅಂತ ವಿಡಿಯೋ ಶುರು. ಕಲಬೆರಕಿ ಇಲ್ಲವೇ ಇಲ್ಲ ಅಂತ ನಾ ಹೇಳಂಗಿಲ್ಲ, ಆದ್ರ 40 ಡಿಗ್ರಿ ದಾಟೋ ಊರಾಗ ಮೊದ್ಲು ಅನುಮಾನ ಪಡಬೇಕಾಗಿದ್ದು ಬಿಸಿಲಿನ ಮ್ಯಾಲೆ.

ಡೇರ್‍ಯಾಗ ಹಾಲನ್ನ 72 ಡಿಗ್ರಿಗೆ 15 ಸೆಕೆಂಡ್ ಕಾಯಿಸಿ ತಕ್ಷಣ ತಣ್ಣಗ ಮಾಡ್ತಾರ, ಪಾಶ್ಚರೀಕರಣ ಅಂದ್ರ ಇಷ್ಟ. ರೋಗ ತರೋ ಕ್ರಿಮಿ ಸಾಯ್ತಾವ, ಎಲ್ಲಾನೂ ಸಾಯಂಗಿಲ್ಲ, ಉಳ್ಕೊಂಡವು ಪ್ಯಾಕೆಟ್ ಬೆಚ್ಚಗಾದ ಕೂಡ್ಲೆ ಬೆಳ್ಯಾಕ ಹತ್ತಿ ಹಾಲನ್ನ ಹುಳಿ ಮಾಡ್ತಾವ, ಹುಳಿ ಏರಿದ್ದು ಒಲಿ ಮ್ಯಾಲಿಟ್ರ ಒಡೀತೈತಿ. ಹಂಗಾಗಿ ಒಡೆದ ಹಾಲಂದ್ರ ಕಲಬೆರಕಿ ಹಾಲು ಅಂತಲ್ಲ. ಉಲ್ಟಾ, ಒಡೀಬಾರ್ದು ಅಂತ ಸೋಡಾ ಬೆರಸೋ ಮಂದಿ ಇರ್ತಾರ ನೋಡ್ರಿ, ಎಷ್ಟೊತ್ತು ಹೊರಗಿಟ್ರೂ ಹುಳಿ ಬರದ ಬಿಡಿ ಹಾಲಿನ ಮ್ಯಾಲೇ ನನಗ ಜಾಸ್ತಿ ಡೌಟು.

ಅಂಗಡಿಗೆ ಹೋದ್ರ ಬ್ರ್ಯಾಂಡ್‌ಗಿಂತ ಮೊದ್ಲು ಕ್ರೇಟ್ ಎಲ್ಲೈತಿ ನೋಡ್ರಿ. ಬಾಗಿಲ ಮುಂದ ಬಿಸಿಲಿಗೆ ಕುಂತಿದ್ರ ಮುಂದಿನ ಅಂಗಡಿ. ಪ್ಯಾಕೆಟ್ ಅಂಗೈ ಮ್ಯಾಲಿಡ್ರಿ, ಚಳ್ ಅನ್ನಬೇಕು, ಮ್ಯಾಲೆ ಸಣ್ಣ ನೀರಿನ ಹನಿ ಮೂಡಿರಬೇಕು. ಉಬ್ಬಿದ್ರ, ಮೂಲ್ಯಾಗ ಜಿನುಗತಿದ್ರ ಬ್ಯಾಡ ಅನ್ರಿ. ಡೇಟ್ ನೋಡೋದು ಗೊತ್ತ ಐತಿ, ಜೊತಿಗೆ ಎಂಎಲ್ ಕೂಡ ನೋಡ್ರಿ. 2024ರ ಜೂನ್‌ನ್ಯಾಗ ನಂದಿನಿ ಪ್ಯಾಕೆಟ್ 550, 1050 ಎಂಎಲ್ ಆಗಿತ್ತು, 2025ರ ಏಪ್ರಿಲ್‌ಗೆ ಲೀಟರಿಗೆ 4 ರೂಪಾಯಿ ಏರಿಸಿ ಮತ್ತ 500, 1000ಕ್ಕ ತಂದ್ರು, ಎಷ್ಟೋ ಮಂದಿಗೆ ಈಗ್ಲೂ ಗೊತ್ತಿಲ್ಲ. ಸಂತಿ ಎಲ್ಲಾ ಮುಗಿಸಿ ಕೊನಿಗೆ ಹಾಲು ತಗೊಳ್ರಿ, ಬೈಕಿನ ಹುಕ್ಕಿಗೆ ಜೋತಾಕಿ ಊರು ಸುತ್ತಬ್ಯಾಡ್ರಿ.

ಮನ್ಯಾಗ ಫ್ರಿಜ್ ಬಾಗಿಲಿನ ರ್‍ಯಾಕ್‌ನ್ಯಾಗ ಹಾಲು ಇಡೋದು ಎಲ್ಲಾರಿಗೂ ರೂಢಿ, ಆದ್ರ ಬಾಗಿಲಾ ತೆಗೆದು ಮುಚ್ಚಿ ಮಾಡೋದ್ರಿಂದ ಅದ ಜಾಸ್ತಿ ಬೆಚ್ಚಗ ಆಗೋ ಜಾಗ. ಒಳಗ ಹಿಂದಕ್ಕ ಇಡ್ರಿ. ಕರೆಂಟ್ ಕೈ ಕೊಡೋ ದಿನ ತಂದ ಕೂಡ್ಲೆ ಕಾಯಿಸಿ, ಬೋಗಾಣಿನ ನೀರು ತುಂಬಿದ ಪರಾತದಾಗ ಇಟ್ಟು ಬ್ಯಾಗ ಆರಿಸ್ರಿ, ನೀರು ಬೆಚ್ಚಗಾದ್ರ ಬದಲಾಯಿಸ್ರಿ. ನಿನ್ನೆ ಉಳಿದಿದ್ದಕ್ಕ ಇವತ್ತಿಂದು ಸುರೀಬ್ಯಾಡ್ರಿ, ಎರಡೂ ಹೋಗ್ತಾವ.

ಇನ್ನ ಕೆನಿ ಕಟ್ಟಂಗಿಲ್ಲ ಅನ್ನೋ ಕಂಪ್ಲೇಂಟು. ಟೋನ್ಡ್ ಹಾಲಿನ್ಯಾಗ ಕೊಬ್ಬು ಇರೋದ 3 ಪರ್ಸೆಂಟ್, ಫುಲ್ ಕ್ರೀಮ್‌ನ್ಯಾಗ 6. ಹೋಮೋಜಿನೈಸ್ಡ್ ಅಂತ ಬರೆದಿದ್ರ ಕೊಬ್ಬಿನ ಹನಿ ಒಡೆದು ಹಾಲಿನ ತುಂಬ ಹರಡಿರ್ತೈತಿ, ಮ್ಯಾಲೆ ದಪ್ಪ ಕೆನಿ ಎಲ್ಲಿಂದ ಬರಬೇಕು? ಮಜ್ಜಿಗಿ ಕಡದು ಬೆಣ್ಣಿ ತೆಗೆಯೋರು ಫುಲ್ ಕ್ರೀಮ್ ತಗೊಳ್ರಿ.

ಬಿಡಿ ಹಾಲು ಹಾಕಿಸ್ಕೊಳ್ಳೋರು ಎರಡು ಟೆಸ್ಟ್ ಮಾಡ್ಬಹುದು. ಓರೆ ಹಿಡಿದ ನುಣುಪು ಕಲ್ಲಿನ ಮ್ಯಾಲೆ ಒಂದ್ ಹನಿ ಬಿಡ್ರಿ, ಬಿಳಿ ಗೆರಿ ಬಿಟ್ಕೊಂತ ನಿಧಾನ ಇಳದ್ರ ಚಲೋ, ಗುರುತ ಇಲ್ದಂಗ ಜಾರಿದ್ರ ನೀರು. ಕಾಯಿಸಿ ಆರಿಸಿದ ಸ್ವಲ್ಪ ಹಾಲಿಗೆ ಎರಡು ಹನಿ ಟಿಂಚರ್ ಅಯೋಡಿನ್ ಹಾಕಿದಾಗ ನೀಲಿ ಆದ್ರ ಹಿಟ್ಟು ಬೆರೆತೈತಿ ಅಂತ ತಿಳೀರಿ, ಅಯೋಡಿನ್ ಹಾಕಿದ ಹಾಲನ್ನ ನೀಲಿ ಆಗ್ಲಿ ಬಿಡ್ಲಿ ಚೆಲ್ರಿ.

ಹಾಲಿಗೆ ಇಷ್ಟು ಹೆದರೋ ನಾವು ಸಂಜಿಕಿ ಮಿರ್ಚಿನ ಪೇಪರ್‌ನ್ಯಾಗ ಕಟ್ಟಿಸ್ಕೊಂಡು ಬರ್ತೀವಿ! ಬಿಸಿ ಎಣ್ಣಿ ಕುಡದು ಪೇಪರ್ ಪಾರದರ್ಶಕ ಆಗಿರ್ತೈತಿ, ಹಿಟ್ಟಿನ ಮ್ಯಾಲೆ ಅಕ್ಷರ ಉಲ್ಟಾ ಮೂಡಿರ್ತಾವ, ಆ ಇಂಕು ಹೊಟ್ಟಿಗೆ ಹೋಗಬಾರ್ದು ಅಂತನ ಪ್ಯಾಕಿಂಗ್‌ಗೆ ನ್ಯೂಸ್‌ಪೇಪರ್ ಬಳಸಬಾರ್ದು ಅಂತ ರೂಲ್ ಐತಿ. ಮನಿಯಿಂದ ಸ್ಟೀಲ್ ಡಬ್ಬಿ ಒಯ್ರಿ, ಅಂಗಡಿಯವರು ಏನೂ ಅನ್ನಂಗಿಲ್ಲ.

ಹಾಲಿನ ಕವರ್ ಕತ್ತರಿಸುವಾಗ ಮೂಲಿ ತುಂಡು ಪೂರ್ತಿ ಕಿತ್ತು ತೆಗೀಬ್ಯಾಡ್ರಿ, ಆ ಚೂರು ಚರಂಡಿಗೇ ಹೋಗ್ತೈತಿ. ಕವರಿಗೆ ಅಂಟ್ಕೊಂಡಿರಂಗ ಕತ್ತರಿಸಿ, ತೊಳದು ಒಣಗಿಸಿ ಕೂಡಿಸಿಡ್ರಿ, ಗುಜರಿಯವರು ತಗೊಳ್ತಾರ.