ಮ್ಯೂಸಿಯಂ ಕೊನೆಗಿರಲಿ, ಕಿನ್ನಾಳದಿಂದ ಶುರು ಮಾಡಿ

ಹಳೆ ಮನೆ, ಚಿತ್ರ, ಗೊಂಬೆ, ಕುಸುರಿ ಕೆಲಸ ನೋಡಬೇಕು ಅಂದರೆ ಮೈಸೂರು ಅರಮನೆಗೋ ಹೈದರಾಬಾದಿನ ಸಾಲಾರ್‌ಜಂಗ್‌ಗೋ ಹೊರಡುವವರೇ ಜಾಸ್ತಿ. ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯವರಿಗೆ ಅಷ್ಟು ದೂರದ ಉಸಾಬರಿ ಬೇಕಿಲ್ಲ. ಆದರೆ ನಮ್ಮಲ್ಲಿ ಇವೆಲ್ಲ ಒಂದೇ ಸೂರಿನಡಿ ಸಿಗುವುದಿಲ್ಲ. ಗೊಂಬೆ ಕಿನ್ನಾಳದಲ್ಲಿ, ಚಿತ್ರ ಗುಡಿಯ ಚಾವಣಿಯಲ್ಲಿ, ಹಳೆ ಮನೆ ತುಂಗಭದ್ರಾ ಹೊಳೆಯ ಈಚೆ ದಂಡೆಯಲ್ಲಿ. ಹಾಗಾಗಿ ಯಾವುದನ್ನು ಮೊದಲು ನೋಡುತ್ತೀರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ. ನನ್ನ ಕೇಳಿದರೆ ಮಾಡುವವರ ಮನೆ ಮೊದಲು, ಮ್ಯೂಸಿಯಂ ಕೊನೆಗೆ.

ದಿನ ನೋಡಿಕೊಳ್ಳಿ

ಎರಡು ದಿನ ಇಟ್ಟುಕೊಳ್ಳಿ. ಎರಡನೇ ದಿನ ಶುಕ್ರವಾರ ಬೇಡ, ಹಂಪಿ ಪಕ್ಕದ ಕಮಲಾಪುರದ ಮ್ಯೂಸಿಯಂಗೆ ಅವತ್ತು ರಜೆ. ಜನವರಿಯಲ್ಲಿ ಗವಿಮಠದ ಜಾತ್ರೆ ಇದ್ದಾಗ ಕೊಪ್ಪಳದ ಬಸ್ಸಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಜಾತ್ರೆಗೆ ಹೋಗುವುದಾದರೆ ಜಾತ್ರೆಗೇ ಹೋಗಿ, ಅದೇ ಚೆಂದ. ಬಳ್ಳಾರಿಯವರಿಗೆ ಕೊಪ್ಪಳಕ್ಕೆ ರೈಲಿದೆ. ರಾಯಚೂರಿನವರು ಸಿಂಧನೂರು, ಗಂಗಾವತಿ ಮೇಲೆ ಬಂದರೆ ಹಳೆ ಮನೆಗಳ ಊರು ಆನೆಗೊಂದಿಯೇ ಹತ್ತಿರ. ಆದರೂ ಆಸೆ ತಡೆದುಕೊಂಡು ಮುಂದೆ ಕೊಪ್ಪಳಕ್ಕೇ ಬನ್ನಿ. ಬ್ಯಾಗಿನಲ್ಲಿ ಒಂದು ಟಾರ್ಚ್ ಇರಲಿ, ಸಿಕ್ಕರೆ ಬೈನಾಕ್ಯುಲರ್ ಕೂಡ.

ಕಿನ್ನಾಳ: ಅವಸರ ಬೇಡ

ಕೊಪ್ಪಳದಿಂದ ಹದಿಮೂರು ಕಿಲೋಮೀಟರ್ ಆಸುಪಾಸು. ಇಲ್ಲಿನ ಚಿತ್ರಗಾರ ಮನೆತನಗಳ ಮರದ ಕೆಲಸಕ್ಕೆ ಭೌಗೋಳಿಕ ಸೂಚಿಕೆಯ (ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ಕೆಲಸ ಅನ್ನುವ ಗುರುತು) ಮಾನ್ಯತೆ ಸಿಕ್ಕಿದೆ. ಕೆಲಸ ನಡೆಯುವುದು ಮನೆಯಲ್ಲೇ, ಟಿಕೆಟ್ ಕೌಂಟರ್ ಇರುವುದಿಲ್ಲ. ಬಾಗಿಲಲ್ಲಿ ನಿಂತು ‘ಅಣ್ಣಾರ, ಕೆಲಸ ಸ್ವಲ್ಪ ನೋಡಬಹುದೇನ್ರಿ?’ ಎಂದು ಕೇಳಿ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಿ. ಫೋಟೊ ತೆಗೆಯುವ ಮುಂಚೆಯೂ ಕೇಳಿ. ಊರೂರ ದ್ಯಾಮವ್ವ, ದುರ್ಗವ್ವರ ಮೂರ್ತಿ ಮಾಡುವ ಕೈಗಳಿವು. ಬಣ್ಣಕ್ಕೆ ಕಾದಿರುವ ದೇವರೂ ದೇವರೇ, ಸುಮ್ನೆ ಮುಟ್ಟಲು ಹೋಗಬೇಡಿ.

ಮುಗಿದ ಗೊಂಬೆಗಿಂತ ಅರ್ಧ ಆದ ಗೊಂಬೆಯನ್ನು ಜಾಸ್ತಿ ಹೊತ್ತು ನೋಡಿ. ಮರ ಹಗುರವಾದದ್ದು. ಕೈ, ಕಾಲು, ತಲೆ ಬೇರೆ ಬೇರೆ ಕೆತ್ತಿ ಜೋಡಿಸುತ್ತಾರೆ. ಸಂದು ಮುಚ್ಚಲು ‘ಕಿಟ್ಟ’ ಹಚ್ಚುತ್ತಾರೆ. ಸೆಣಬಿನ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಹುಣಸೆ ಬೀಜದ ಅಂಟಿನಲ್ಲಿ ಕಲಸಿದ್ದು ಅದು. ಅದರ ಮೇಲೆ ಹತ್ತಿ ಬಟ್ಟೆಯ ಪಟ್ಟಿ, ಆಮೇಲೆ ಬಿಳಿ ಬಣ್ಣ. ಮೂರ್ತಿಯ ಕೊರಳಲ್ಲಿ ಕಾಣುವ ಸರ, ಕೈಯ ಬಳೆ ಮರದಲ್ಲಿ ಕೆತ್ತಿದ್ದು ಅಂದುಕೊಳ್ಳುತ್ತೇವೆ, ಅಲ್ವಾ? ಅಲ್ಲ. ಕಲ್ಲಿನ ಪುಡಿಯನ್ನು ಅಂಟಿನಲ್ಲಿ ಕಲಸಿ, ಒಂದೊಂದೇ ಮಣಿಯಾಗಿ ಉಬ್ಬಿಸಿ ಕೂರಿಸಿದ್ದು. ಓರೆಯಿಂದ ಬೆಳಕು ಬೀಳುವ ಕಡೆ ನಿಂತು ನೋಡಿದರೆ ಒಂದು ಮಣಿ ಇನ್ನೊಂದರಂತಿಲ್ಲ ಅನ್ನುವುದು ಗೊತ್ತಾಗುತ್ತದೆ. ತವರದ ಪುಡಿಯನ್ನು ಅಂಟಿನಲ್ಲಿ ಕಲಸಿ ಬಳಿದು, ಉಜ್ಜಿ ಹೊಳಪು ತರುವ ಲಾಜವಾರ ಎಂಬ ಹಳೆ ಪದ್ಧತಿಯ ಬಗ್ಗೆಯೂ ಕೇಳಿ, ಹಿರಿಯರಿದ್ದರೆ ಮಾತು ಬೆಳೆಯುತ್ತದೆ.

ಕೊಳ್ಳುವುದಾದರೆ ಚೌಕಾಸಿ ಮಿತಿಯಲ್ಲಿರಲಿ. ಮೇಲೆ ಬರೆದ ಕೆಲಸದ ಪಟ್ಟಿಯನ್ನು ಒಮ್ಮೆ ನೆನೆಸಿಕೊಂಡರೆ ಸಾಕು.

ಆನೆಗೊಂದಿಯಲ್ಲಿ ತಲೆ ಎತ್ತಿ ನಡೆಯಿರಿ

ಆನೆಗೊಂದಿ ಗಂಗಾವತಿ ತಾಲ್ಲೂಕಿನಲ್ಲಿದೆ. ಊರ ನಡುವೆ ಗಗನ ಮಹಲು. ಅದಕ್ಕೊಂದು ಸುತ್ತು ಹಾಕಿ ಓಣಿಗಳಿಗೆ ಇಳಿಯಿರಿ. ಹಳೆ ಮಾಳಿಗೆ ಮನೆಗಳ ಜಗಲಿ, ಬಾಗಿಲ ಚೌಕಟ್ಟಿನ ಕೆತ್ತನೆ, ಗೋಡೆಯ ದೀಪದ ಗೂಡು ಬೀದಿಯಿಂದಲೇ ಕಾಣುತ್ತವೆ. ಜನ ವಾಸ ಇರುವ ಮನೆ, ಕರೆದರೆ ಮಾತ್ರ ಪಡಸಾಲೆಗೆ ಹೋಗಿ. ಕೆಲವು ಹಳೆ ಮನೆಗಳನ್ನು ದುರಸ್ತಿ ಮಾಡಿ ಉಳಿದುಕೊಳ್ಳಲು ಕೊಡುತ್ತಾರೆ. ಒಳಗೆ ನೋಡುವ ಆಸೆ ಇದ್ದರೆ ಅಲ್ಲೇ ಒಂದು ರಾತ್ರಿ ತಂಗುವುದು ಸುಲಭದ ದಾರಿ. ಬಾಳೆ ನಾರಿನ ಬುಟ್ಟಿ, ಚೀಲ ಹೆಣೆಯುವುದನ್ನೂ ನೋಡಬಹುದು.

ಹುಚ್ಚಪ್ಪಯ್ಯನ ಮಠವನ್ನು ಬಿಡಬೇಡಿ. ನುಣುಪಾದ ಕರಿಕಲ್ಲಿನ ಕಂಬ, ಮೇಲೆ ಮಾಸಿದ ಚಿತ್ರಗಳು. ಟಾರ್ಚ್ ಇಲ್ಲಿ ಕೆಲಸಕ್ಕೆ ಬರುತ್ತದೆ, ಫ್ಲ್ಯಾಷ್ ಮಾತ್ರ ಬೇಡ.

ಹೊಳೆ ದಾಟಿ

ಮರುದಿನ ಕಡೆಬಾಗಿಲು–ಬುಕ್ಕಸಾಗರ ಸೇತುವೆ ಮೇಲೆ ಹಂಪಿಗೆ. ವಿರೂಪಾಕ್ಷ ಗುಡಿಯ ರಂಗಮಂಟಪವನ್ನು 1510ರಲ್ಲಿ ಕೃಷ್ಣದೇವರಾಯ ಕಟ್ಟಿಸಿದ್ದು. ಚಾವಣಿಯ ಚಿತ್ರಗಳು ಆಮೇಲಿನವು ಎನ್ನುವವರಿದ್ದಾರೆ. ಅವನ್ನು ಬರೆದದ್ದು ಕಿನ್ನಾಳದವರ ಹಿರಿಯರೇ ಎಂಬ ಮಾತೂ ಇದೆ. ಎಲ್ಲವನ್ನೂ ನೋಡಲು ಹೋದರೆ ಕುತ್ತಿಗೆ ಹಿಡಿಯುವುದು ಗ್ಯಾರಂಟಿ. ಪಲ್ಲಕ್ಕಿಯಲ್ಲಿ ಹೋಗುವ ವಿದ್ಯಾರಣ್ಯರ ಮೆರವಣಿಗೆ, ಮತ್ಸ್ಯಯಂತ್ರಕ್ಕೆ ಗುರಿ ಇಟ್ಟ ಅರ್ಜುನ, ಗಿರಿಜಾ ಕಲ್ಯಾಣ, ಈ ಮೂರನ್ನು ಹುಡುಕಿ. ನಿನ್ನೆ ಮರದ ಮೇಲೆ ಕಂಡ ಒಡವೆ ಇಲ್ಲಿ ಗೆರೆಯಲ್ಲಿ ಹೇಗಿದೆ ಎಂದು ಹೋಲಿಸಿ ನೋಡಿ.

ಕೊನೆಗೆ ಕಮಲಾಪುರ. ವಿಜಯ ವಿಠ್ಠಲ ಗುಡಿಯ ಟಿಕೆಟ್ ಅದೇ ದಿನ ಇಲ್ಲೂ ನಡೆಯುತ್ತದೆ, ಎಸೆಯಬೇಡಿ. ಹದಿನೈದರೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಅಂಗಳದ ಹಂಪಿ ಮಾದರಿಯ ಮುಂದೆ ನಿಂತು ಬಂದ ದಾರಿ ಗುರುತಿಸಿ. ಆಮೇಲೆ ವೀರಗಲ್ಲು, ಮಾಸ್ತಿಕಲ್ಲುಗಳಲ್ಲಿ ತುರುಬು, ಬಳೆ, ಸೊಂಟಪಟ್ಟಿಯನ್ನಷ್ಟೇ ನೋಡುತ್ತಾ ಹೋಗಿ.

ಬಳ್ಳಾರಿಗೆ ವಾಪಸ್ ಹೋಗುವವರು ಸಂಡೂರು ಮೇಲೆ ಹೋಗಬಹುದು. ಅಲ್ಲಿನ ಕುಶಲ ಕಲಾ ಕೇಂದ್ರದಲ್ಲಿ ಲಂಬಾಣಿ ಕಸೂತಿ ಸಿಗುತ್ತದೆ, ಅದಕ್ಕೂ ಭೌಗೋಳಿಕ ಸೂಚಿಕೆ ಇದೆ. ಪೇಟೆಯಲ್ಲಿ ಲಂಬಾಣಿ ಕಸೂತಿ ಎಂದು ಏನಾದರೂ ಕೊಳ್ಳುವಾಗ ಬಟ್ಟೆಯನ್ನು ಉಲ್ಟಾ ಮಾಡಿ ಹೊಲಿಗೆ ನೋಡಿ. ಕನ್ನಡಿಯ ಅಂಚಿಗೆ ಉಗುರು ತಾಗಿಸಿ: ದಾರ ಸುತ್ತ ಹಿಡಿದುಕೊಂಡಿದ್ದರೆ ತೆಗೆದುಕೊಳ್ಳಿ, ಅಂಟಿಸಿದ್ದರೆ ಅಲ್ಲೇ ಬಿಟ್ಟು ಬನ್ನಿ.