ಓಡಿಸಲು ಯಾವ ಬಾಡಿ? ಫೋರ್ಡ್ ಮಾಡೆಲ್ ಎ ಕೊಳ್ಳುವ ಮುನ್ನ

ಮಾಡೆಲ್ ಎ ಕೊಳ್ಳಬೇಕು ಎನ್ನುವವರು ಮೊದಲು ವಿಚಾರಿಸುವುದು ಎಂಜಿನ್ ಬಗ್ಗೆ. ಎಂಜಿನ್ ಕೆಟ್ಟರೆ ಸರಿ ಮಾಡಬಹುದು, ಬಿಡಿಭಾಗಗಳು ಇವತ್ತಿಗೂ ಹೊಸದಾಗಿ ತಯಾರಾಗುತ್ತಿವೆ. 1928ರಿಂದ 1931ರವರೆಗೆ ಬಂದ ಈ ಕಾರುಗಳಿಗೆಲ್ಲ ಅಡಿಭಾಗ ಹೆಚ್ಚುಕಡಿಮೆ ಒಂದೇ: 103.5 ಇಂಚಿನ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ), 3.3 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್, 40 ಅಶ್ವಶಕ್ತಿ, ಸಿಂಕ್ರೊ ಇಲ್ಲದ (ವೇಗ ಹೊಂದಿಸಿಯೇ ಬದಲಿಸಬೇಕಾದ) ಮೂರು ಗೇರು, ರಾಡು ಎಳೆದು ಹಿಡಿಯುವ ಬ್ರೇಕು. ಆದ್ದರಿಂದ ರಸ್ತೆಯ ಮೇಲೆ ಒಂದು ಗಾಡಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸವೆಲ್ಲ ಬಾಡಿಯಿಂದಲೇ ಬರುತ್ತದೆ. ಮಂಡಿ ಎಲ್ಲಿ ತಗಲುತ್ತದೆ, ಮಳೆ ಎಲ್ಲಿಂದ ಒಳಗೆ ಬರುತ್ತದೆ, ಮರ ಎಷ್ಟಿದೆ, ಆರ್‌ಸಿಯಲ್ಲಿ ಏನು ಬರೆದಿದೆ, ಇವೆಲ್ಲ ಬಾಡಿಯ ಪ್ರಶ್ನೆಗಳು.

ಶೋಗೆ ನಿಲ್ಲಿಸುವುದಾದರೆ ಯಾವುದಾದರೂ ಸರಿ, ಕಣ್ಣಿಗೆ ಚೆಂದ ಕಂಡದ್ದನ್ನು ತೆಗೆದುಕೊಳ್ಳಿ. ಇಲ್ಲಿ ಹೇಳುತ್ತಿರುವುದು ಓಡಿಸುವವರಿಗೆ: ತಿಂಗಳಿಗೊಂದೆರಡು ಭಾನುವಾರ ಹೊರಡುವವರಿಗೆ, ಗಂಟೆಗೆ 60-70 ಕಿ.ಮೀ. ವೇಗದಲ್ಲಿ ಎರಡು ಮೂರು ತಾಸು ಕೂರುವವರಿಗೆ.

ಮೊದಲ ಪರೀಕ್ಷೆ ಕೂತು ನೋಡುವುದು. ಡ್ರೈವರ್ ಸೀಟಿನಲ್ಲಿ ಕೂತು ಕ್ಲಚ್ಚನ್ನು ನೆಲದವರೆಗೂ ಒತ್ತಿ, ಹಾಗೇ ಹಿಡಿದು ಸ್ಟಿಯರಿಂಗನ್ನು ಎರಡೂ ಕಡೆಗೆ ತಿರುಗಿಸಿ. ಸ್ಟಿಯರಿಂಗ್ ಚಕ್ರ 17 ಇಂಚಿಗೂ ಅಗಲ, ಕೆಳಗೆ ಜಾಗ ಕಡಿಮೆ. ರೋಡ್‌ಸ್ಟರ್‌ನಲ್ಲಿ, ಅಂದರೆ ಇಬ್ಬರು ಕೂರುವ ತೆರೆದ ಬಾಡಿಯಲ್ಲಿ, ಸೀಟಿನ ಬೆನ್ನು ಬಾಡಿಗೇ ಒರಗಿರುತ್ತದೆ, ಹಿಂದೆ ಸರಿಸುವಂತಿಲ್ಲ. ಐದೂ ಮುಕ್ಕಾಲು ಅಡಿ ಮೀರಿದವರ ಮಂಡಿ ಚಕ್ರದ ಅಂಚಿಗೆ ತಗಲುತ್ತದೆ. ಕುಷನ್‌ನ ಸ್ಪ್ರಿಂಗ್ ತೆಗೆಸಿ ಎರಡಿಂಚು ತಗ್ಗಿಸಿ ಹೊಲಿಸಿದರೆ ಸ್ವಲ್ಪ ಸುಧಾರಿಸುತ್ತದೆ, ಆದರೆ ಆಗ ಕುಳ್ಳಗಿರುವ ಮನೆಯವರಿಗೆ ರಸ್ತೆಯೇ ಕಾಣುವುದಿಲ್ಲ. ಎರಡು ಬಾಗಿಲಿನ ಸೆಡಾನ್‌ನಲ್ಲಿ, ಅಂದರೆ ಫೋರ್ಡ್ ಟ್ಯೂಡರ್ ಎಂದು ಮಾರಿದ ಬಾಡಿಯಲ್ಲಿ, ಮುಂದಿನ ಎರಡೂ ಸೀಟು ಬಿಡಿಬಿಡಿ. ಹಿಂದೆ ಹತ್ತುವವರಿಗೆ ದಾರಿ ಬಿಡಲು ಮುಂದಕ್ಕೆ ಮಗುಚಿಕೊಳ್ಳುತ್ತವೆ. ಅವುಗಳ ಬ್ರಾಕೆಟ್ ಬಿಚ್ಚಿ ಎರಡು ಮೂರು ಇಂಚು ಹಿಂದೆ ಕೂರಿಸಬಹುದು, ಬೇಡವಾದಾಗ ಹಳೆಯ ತೂತಿಗೇ ಮರಳಿಸಬಹುದು. ಎತ್ತರದವರಿಗೆ ಇದು ಸುಲಭದ ಪರಿಹಾರ.

ಹಿಂದಿನ ಸೀಟಿನಲ್ಲೂ ಒಂದಷ್ಟು ಹೊತ್ತು ಕೂತು ಸುತ್ತಾಡಿ ಬನ್ನಿ. ಕಾರು ಕೊಳ್ಳುವವರು ಈ ಕೆಲಸ ಮಾಡುವುದೇ ಇಲ್ಲ. ಆಮೇಲೆ ಮನೆಯವರು ಯಾರೂ ಜೊತೆಗೆ ಬರುವುದಿಲ್ಲ.

ಈಗ ತೆರೆದ ಬಾಡಿಗಳು. ನಾಲ್ಕು ಬಾಗಿಲಿನ ಫೇಟನ್ ಅನ್ನು ನಮ್ಮ ಕಡೆ ಟೂರರ್ ಎಂದೇ ಕರೆಯುತ್ತಾರೆ. ಹೊರನೋಟಕ್ಕೆ ಸೊಗಸು, ಹತ್ತಿ ಇಳಿಯಲು ಸಲೀಸು, ಸೆಡಾನ್‌ಗಿಂತ ಹಗುರ. ರೋಡ್‌ಸ್ಟರ್, ಫೇಟನ್ ಎರಡೂ ಒಂದು ಸಾವಿರ ಕಿಲೋ ಆಸುಪಾಸು. ನಾಲ್ಕು ಬಾಗಿಲಿನ ಸೆಡಾನ್ ಇನ್ನೂ ನೂರು, ನೂರಿಪ್ಪತ್ತು ಕಿಲೋ ಹೆಚ್ಚು. 40 ಅಶ್ವಶಕ್ತಿಯ ಗಾಡಿಗೆ ಅದು ಒಂದೂವರೆ ಆಳಿನ ತೂಕ. ನಂದಿಬೆಟ್ಟದ ತಿರುವುಗಳಲ್ಲಿ ಹತ್ತುವಾಗಲೂ ಗೊತ್ತಾಗುತ್ತದೆ, ಇಳಿಯುವಾಗ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಜನ ತುಂಬಿದ ಸೆಡಾನನ್ನು ಬ್ರೇಕಿನ ಮೇಲೆ ಇಳಿಸಬೇಡಿ. ತಿರುವಿಗೆ ಮುಂಚೆಯೇ ಡಬಲ್ ಕ್ಲಚ್ ಮಾಡಿ (ನ್ಯೂಟ್ರಲ್‌ನಲ್ಲೊಮ್ಮೆ ಕ್ಲಚ್ ಬಿಟ್ಟು ಮತ್ತೆ ಒತ್ತಿ) ಎರಡನೇ ಗೇರಿಗೆ ಬಂದುಬಿಡಿ. ಡ್ರಮ್ಮು ಕಾದ ಮೇಲೆ ಗೇರು ಇಳಿಸಲು ಹೋದರೆ ಹಲ್ಲುಗಳು ಕಿರುಚುತ್ತವೆಯೇ ಹೊರತು ಕೂರುವುದಿಲ್ಲ.

ತೆರೆದ ಬಾಡಿಯ ನಿಜವಾದ ಪರೀಕ್ಷೆ ಹುಡ್ (ಮಡಚುವ ಬಟ್ಟೆಯ ಛಾವಣಿ) ಮತ್ತು ಸೈಡ್ ಕರ್ಟನ್. ಈ ಗಾಡಿಗಳ ಬಾಗಿಲಿಗೆ ಗಾಜು ಇಲ್ಲ. ಮಳೆ ಬಂದರೆ ಕರ್ಟನ್‌ನ ಕಂಬಿಯನ್ನು ಬಾಗಿಲ ತಲೆಯ ತೂತಿಗೆ ಇಳಿಸಿ, ಸುತ್ತ ಬಟನ್ ಹಾಕಬೇಕು. ಹಾಕುವಾಗ ಮುಂದಿನ ಕರ್ಟನ್‌ನ ಅಂಚು ಹಿಂದಿನದರ ಮೇಲೆ ಬರಬೇಕು. ಉಲ್ಟಾ ಆದರೆ ಗಾಳಿ ಸಂದಿಗೆ ನುಗ್ಗಿ ಬಟನ್ ಕಿತ್ತುಕೊಂಡು ಹೋಗುತ್ತದೆ. ಮೂಲದಲ್ಲಿ ಕಿಟಕಿಗೆ ಇದ್ದದ್ದು ಸೆಲ್ಯುಲಾಯ್ಡ್, ಅದು ಹಳದಿಗಟ್ಟಿ ಒಡೆಯುತ್ತದೆ. ಈಗ ಅರ್ಧದಿಂದ ಮುಕ್ಕಾಲು ಮಿ.ಮೀ. ದಪ್ಪದ ಪಾರದರ್ಶಕ ಪಿವಿಸಿ ಹಾಕಿಸುತ್ತೇವೆ. ಹೊಲಿಗೆಗೆ ಪಾಲಿಯೆಸ್ಟರ್ ದಾರವೇ ಆಗಬೇಕು, ಹತ್ತಿಯ ದಾರ ಕೆಲವೇ ಮಳೆಗಾಲಕ್ಕೆ ಕೊಳೆಯುತ್ತದೆ. ಹೊಲಿದ ಮೇಲೆ ತೂತುಗಳ ಮೇಲೆ ಜೇನುಮೇಣ ಉಜ್ಜಿ. ಡ್ರೈವರ್ ಕಡೆಯ ಕರ್ಟನ್‌ಗೆ ಕೈ ಹೊರಹಾಕುವಷ್ಟು ಒಂದು ಮುಚ್ಚಳ ಬಿಡಿಸಿ. ಇಂಡಿಕೇಟರ್ ಇಲ್ಲದ ಗಾಡಿ, ಕೈ ಆಚೆ ಬರದಿದ್ದರೆ ಎರಡೂ ಪಕ್ಕದ ಸ್ಕೂಟರಿನವರಿಗೆ ನೀವು ಎತ್ತ ತಿರುಗುತ್ತೀರಿ ಎಂಬುದೇ ತಿಳಿಯದು.

ಹುಡ್ ಮಡಚುವಾಗ ಆಗುವ ಹಾನಿ ಬಹಳ. ಬಟ್ಟೆಯನ್ನು ಹೊತ್ತ ಕಮಾನುಗಳು ಒಂದರ ಮೇಲೊಂದು ಬೀಳುವ ಮುಂಚೆ ಅವುಗಳ ನಡುವಿನ ಬಟ್ಟೆಯನ್ನು ಹಿಂದಕ್ಕೆ ಎಳೆದು ಹೊರಗೆ ತೆಗೆಯಬೇಕು. ಇಬ್ಬರಿದ್ದರೆ ಒಬ್ಬರು ಇಳಿಸುತ್ತಾ ಬರಬೇಕು, ಇನ್ನೊಬ್ಬರು ಬಟ್ಟೆ ಎಳೆಯುತ್ತಾ ಬರಬೇಕು. ಒಬ್ಬರೇ ಅವಸರದಲ್ಲಿ ಮಡಚಿದರೆ ಕಮಾನಿನ ಸಂದಿಯಲ್ಲಿ ಸಿಕ್ಕಿದ ಜಾಗದಲ್ಲೇ ಬಟ್ಟೆ ತೂತಾಗುತ್ತದೆ. ಹಸಿಯಾಗಿದ್ದಾಗ ಮಡಚಿಟ್ಟರೆ ಬೂಸು ಹಿಡಿಯುತ್ತದೆ. ತಿಂಗಳುಗಟ್ಟಲೆ ಮಡಚಿಯೇ ಇಟ್ಟರೆ ಬಟ್ಟೆ ಕುಗ್ಗಿ, ಮುಂದಿನ ಕೊಂಡಿ ವಿಂಡ್‌ಸ್ಕ್ರೀನ್ ತನಕ ಬರುವುದೇ ಇಲ್ಲ.

ರೋಡ್‌ಸ್ಟರ್‌ನ ಹಿಂಭಾಗದಲ್ಲಿ ಮುಚ್ಚಳ ತೆರೆದು ಕೂರುವ ಡಿಕ್ಕಿ ಸೀಟು ಫೋಟೊಗೆ ಚೆಂದ. ಬಂಪರ್ ಮೇಲೊಂದು, ಮಡ್‌ಗಾರ್ಡ್ ಮೇಲೊಂದು ಪುಟ್ಟ ಮೆಟ್ಟಿಲ ಮೇಲೆ ಕಾಲಿಟ್ಟು ಹತ್ತಬೇಕು. ಸೀರೆ ಉಟ್ಟವರಿಗೆ ಆಗದ ಮಾತು. ಹೊಗೆಯೂ ಧೂಳೂ ಹಿಂದಿನಿಂದ ಸುರುಳಿ ಸುತ್ತಿ ಅಲ್ಲಿಗೇ ಬರುತ್ತವೆ. ಅಲ್ಲಿ ಮಕ್ಕಳನ್ನು ಕೂರಿಸಬೇಡಿ.

ಕೂಪೆ, ಅಂದರೆ ಎರಡು ಬಾಗಿಲಿನ ಮುಚ್ಚಿದ ಪುಟ್ಟ ಬಾಡಿ, ಇಬ್ಬರಿಗೆ ಒಳ್ಳೆಯ ಗಾಡಿ. ಹಿಂದಿನ ಗಾಜು ಇಳಿಸಿದರೆ ಒಳಗೆ ಗಾಳಿ ಹರಿದಾಡುತ್ತದೆ. ಸ್ಪೋರ್ಟ್ ಕೂಪೆ ಎಂಬುದೊಂದಿದೆ, ಅದರ ವಿಷಯದಲ್ಲಿ ಎಚ್ಚರ: ಹೊರಗೆ ರೆಕ್ಸಿನ್ ಹೊದಿಕೆ, ಪಕ್ಕದಲ್ಲಿ ವಕ್ರ ಕಂಬಿ, ನೋಡಿದರೆ ಹುಡ್ ಮಡಚುತ್ತದೆ ಎನಿಸುತ್ತದೆ, ಮಡಚುವುದಿಲ್ಲ. ಕ್ಯಾಬ್ರಿಯೊಲೆ ಮಡಚುತ್ತದೆ, ಅದಕ್ಕೆ ಏರಿಸಿ ಇಳಿಸುವ ಗಾಜೂ ಇದೆ. ಎರಡು ಲೋಕದ ಸುಖ ಎನ್ನುತ್ತಾರೆ. ಎರಡರ ಕಷ್ಟವೂ ಅದರಲ್ಲೇ ಇದೆ. ಹುಡ್‌ನ ಕಬ್ಬಿಣ, ಅದರ ಮರ, ಗಾಜಿನ ಚಾನೆಲ್ ಮೂರೂ ಒಂದಕ್ಕೊಂದು ಹೊಂದಬೇಕು. ಪೂರ್ತಿಯಾಗಿರುವ ಗಾಡಿ ಸಿಕ್ಕರೆ ಮಾತ್ರ ಮುಟ್ಟಿ.

ಮುಚ್ಚಿದ ಬಾಡಿಯಲ್ಲಿ ನೋಡಬೇಕಾದ್ದು ಮರ. ಉಕ್ಕಿನ ಹಾಳೆಯ ಹಿಂದೆ ಮರದ ಚೌಕಟ್ಟಿದೆ. ಟ್ಯೂಡರ್‌ನಲ್ಲಿ ಕಡಿಮೆ, ಬಹುಪಾಲು ಮಾಡಿನಲ್ಲಿ, ಅಂದರೆ ಛಾವಣಿಯಲ್ಲಿ. ಬ್ರಿಗ್ಸ್ ಮತ್ತು ಮರ್ರೆ ಕಂಪನಿಗಳು ಕಟ್ಟಿಕೊಟ್ಟ ನಾಲ್ಕು ಬಾಗಿಲಿನ ಸೆಡಾನ್‌ಗಳಲ್ಲಿ ಬಾಗಿಲ ಕಂಬದವರೆಗೂ ಇದೆ. ಬಾಗಿಲನ್ನು ಅರ್ಧ ತೆರೆದು, ಹ್ಯಾಂಡಲ್ ಇರುವ ಅಂಚನ್ನು ಅಂಗೈಯಿಂದ ಮೇಲಕ್ಕೆತ್ತಿ, ಕಣ್ಣು ಹಿಂಜಿನ ಮೇಲಿಡಿ. ಬಾಗಿಲು ಅಲುಗಿ ಕಂಬಕ್ಕೆ ಕೂತ ಹಿಂಜಿನ ಎಲೆ ಅಲುಗದಿದ್ದರೆ ಪಿನ್ ಸವೆದಿದೆ, ತೂತು ದೊಡ್ಡದು ಮಾಡಿ ದಪ್ಪ ಪಿನ್ ಹಾಕಿದರೆ ಮುಗಿಯಿತು. ಸ್ಕ್ರೂ ಸಮೇತ ಎಲೆಯೇ ಅಲುಗಿದರೆ ಒಳಗಿನ ಮರ ಹೋಗಿದೆ. ಆ ಸ್ಕ್ರೂ ತೂತಿನಲ್ಲಿ ಬೆಂಕಿಕಡ್ಡಿ, ಫೆವಿಕಾಲ್ ಕಂಡರೆ ಯಾರೋ ಮಾರುವುದಕ್ಕಾಗಿ ಬಿಗಿ ಮಾಡಿದ್ದಾರೆ ಎಂದರ್ಥ. ಒಂದು ದಬ್ಬಳ ಜೇಬಿನಲ್ಲಿರಲಿ. ಬಾಗಿಲ ಕೆಳಗಿನ ತೊಲೆ, ಕಂಬದ ಬುಡ, ಹಿಂದಿನ ಕಿಟಕಿಯ ಮೇಲಿನ ಅಡ್ಡಪಟ್ಟಿ ಈ ಮೂರು ಕಡೆ ಚುಚ್ಚಿ ನೋಡಿ. ಗಟ್ಟಿಮರದಲ್ಲಿ ಮೊನೆ ಒಂದೆರಡು ಮಿ.ಮೀ.ಗೆ ನಿಲ್ಲುತ್ತದೆ. ಕೆಳಗೆ ಹಿಟ್ಟಿನಂತಹ ಪುಡಿ ಉದುರಿದ್ದರೆ ನುಸಿ ಹಿಡಿದಿದೆ.

ಮರ ಬದಲಿಸುವ ಕೆಲಸ ನಮ್ಮ ಬಡಗಿಗಳು ಚೆನ್ನಾಗಿಯೇ ಮಾಡುತ್ತಾರೆ, ಕ್ರಮ ತಪ್ಪಬಾರದು ಅಷ್ಟೆ. ಮೊದಲು ಬಾಗಿಲ ಜಾಗಕ್ಕೆ ಅಡ್ಡಲಾಗಿ ಆಂಗಲ್ ಕಬ್ಬಿಣ ಬಿಗಿಯಬೇಕು, ಇಲ್ಲದಿದ್ದರೆ ಬಾಡಿ ಬಿಚ್ಚಿಕೊಳ್ಳುತ್ತದೆ. ಆಮೇಲೆ ಒಂದು ಸಲಕ್ಕೆ ಒಂದೇ ತುಂಡು ತೆಗೆದು, ಹಳೆಯದನ್ನೇ ಅಚ್ಚಾಗಿಟ್ಟುಕೊಂಡು ಹೊಸದನ್ನು ಕೂರಿಸಬೇಕು. ಎಲ್ಲವನ್ನೂ ಒಟ್ಟಿಗೆ ಕಿತ್ತು ಮೂಟೆ ಕಟ್ಟಿದ ಗಾಡಿಗೆ ಮತ್ತೆ ಬಾಗಿಲು ಕೂರಿಸುವುದು ದೇವರಿಗೇ ಪ್ರೀತಿ. ನಾನು ಬಳಸುವುದು ಚೆನ್ನಾಗಿ ಒಣಗಿದ ಸಾಗುವಾನಿ. ಅದರಲ್ಲಿ ಎಣ್ಣೆಯಂಶ ಇರುವುದರಿಂದ ಅಂಟು ಹಿಡಿಯುವುದಿಲ್ಲ. ಅಸಿಟೋನ್ ಬಟ್ಟೆಯಿಂದ ಒರೆಸಿ ಕೂಡಲೇ ಎಪಾಕ್ಸಿ ಹಾಕಬೇಕು. ಹಿತ್ತಾಳೆ ಸ್ಕ್ರೂ ಹಾಕುವುದಾದರೆ ಅದೇ ಅಳತೆಯ ಉಕ್ಕಿನ ಸ್ಕ್ರೂವನ್ನು ಮೊದಲು ತಿರುಗಿಸಿ ತೆಗೆದು ದಾರಿ ಮಾಡಿಕೊಳ್ಳಿ, ನೇರ ಹಾಕಿದರೆ ತಲೆ ಮುರಿಯುತ್ತದೆ. ಅಗ್ಗ ಎಂದು ಮಾವಿನ ಮರ ಒಪ್ಪಬೇಡಿ. ಮಳೆಗಾಲದಲ್ಲಿ ಮರ ಉಬ್ಬುವುದಕ್ಕೆ ಸಂದಿಯಲ್ಲಿ ಒಂದು, ಒಂದೂವರೆ ಮಿ.ಮೀ. ಬಿಡಿ.

ಮಾಡು ನೋಡಿ. ಮಾಡೆಲ್ ಎ ಸೆಡಾನ್, ಕೂಪೆಗಳ ತಲೆಯ ಮೇಲೆ ಪೂರ್ತಿ ಉಕ್ಕು ಇಲ್ಲ. ನಡುವೆ ಮರದ ಪಟ್ಟಿಗಳು, ಅದರ ಮೇಲೆ ಹತ್ತಿಯ ಹಾಸು, ಮೇಲೆ ರೆಕ್ಸಿನ್‌ನಂಥ ಬಟ್ಟೆ. ಬಿಸಿಲಿಗೆ ಬಟ್ಟೆ ಸೀಳುತ್ತದೆ, ನೀರು ಅಂಚಿನ ಪಟ್ಟಿಯ ಕೆಳಗಿಂದ ಇಳಿದು ಕಂಬದ ಮರದೊಳಗೆ ಸೇರುತ್ತದೆ. ಕಂಬದ ಬುಡ ಕೊಳೆಯಲು ಕಾರಣ ಎಷ್ಟೋ ಸಲ ಈ ಮಾಡೇ. ಅಂಚಿಗೆ ಗಟ್ಟಿಯಾಗದ ಸೀಲರ್ ಬಳಿದು, ಅದರ ಮೇಲೆ ಬಟ್ಟೆ ಎಳೆದು, ಇಂಚಿಗೊಂದರಂತೆ ಮೊಳೆ ಹೊಡೆಸಿ. ಸಿಲಿಕೋನ್ ಬೇಡ, ಮುಂದೆ ಪೇಂಟ್ ಮಾಡಿಸುವಾಗ ಅದು ಇದ್ದ ಕಡೆ ಬಣ್ಣ ಹಿಡಿಯುವುದಿಲ್ಲ.

ಮುಚ್ಚಿದ ಗಾಡಿಗೆ ಬೇಸಿಗೆಯ ತಾಪತ್ರಯ ಇದ್ದೇ ಇದೆ. ಈ ಎಂಜಿನ್‌ನ ಸೈಲೆನ್ಸರ್ ಕೊಳವೆ ಬಲಗಡೆಗೆ ಇಳಿಯುತ್ತದೆ. ಅಮೆರಿಕದಲ್ಲಿ ಅದು ಪಕ್ಕದವರ ಕಾಲ ಬಳಿ; ಬಲಗಡೆ ಸ್ಟಿಯರಿಂಗ್ ಇರುವ ನಮ್ಮ ಗಾಡಿಗಳಲ್ಲಿ ಡ್ರೈವರನ ಪಾದಕ್ಕೇ ಬಿಸಿ. ನೆಲದ ಹಲಗೆಗೆ ನೀರು ತಡೆಯುವ ಬಿಡಬ್ಲ್ಯೂಪಿ ದರ್ಜೆಯ ಪ್ಲೈವುಡ್ ಹಾಕಿಸಿ, ಕೆಳಮೈಗೆ ಅಲ್ಯುಮಿನಿಯಂ ಮೇಲ್ಮೈಯ ಶಾಖನಿರೋಧಕ ಹಾಳೆ ಅಂಟಿಸಿ, ಪೆಡಲ್ ತೂತುಗಳ ಸುತ್ತ ಫೆಲ್ಟ್ ಕೂರಿಸಿ. ಅರ್ಧ ಶಾಖ ಬರುವುದೇ ಆ ತೂತುಗಳಿಂದ. ಪೆಟ್ರೋಲ್ ಟ್ಯಾಂಕ್ ಡ್ಯಾಶ್‌ಬೋರ್ಡ್ ಹಿಂದೆಯೇ ಇದೆ, ಪೆಟ್ರೋಲ್ ತನ್ನ ಭಾರಕ್ಕೆ ತಾನೇ ಕಾರ್ಬ್ಯುರೇಟರ್‌ಗೆ ಇಳಿಯುತ್ತದೆ. ಗೇಜಿನ ಗ್ಯಾಸ್ಕೆಟ್ ಸ್ವಲ್ಪ ಸೋರಿದರೂ ಮುಚ್ಚಿದ ಬಾಡಿಯಲ್ಲಿ ತಲೆನೋವು ಬರುವಷ್ಟು ವಾಸನೆ. ಎಥನಾಲ್ ಬೆರೆತ ಈಗಿನ ಪೆಟ್ರೋಲಿಗೆ ಅಲ್ಲಿ ವಿಟಾನ್ ರಬ್ಬರಿನ ಗ್ಯಾಸ್ಕೆಟ್ ಹಾಕಿ.

ನಮ್ಮಲ್ಲಿ ಇನ್ನೊಂದು ತೊಡಕಿದೆ: ಕತ್ತರಿಸಿದ ಬಾಡಿ. ಟೂರರ್‌ಗೆ ಬೆಲೆ ಹೆಚ್ಚೆಂದು ಸೆಡಾನ್‌ನ ತಲೆ ತೆಗೆದು ಟೂರರ್ ಮಾಡಿದ ಗಾಡಿಗಳಿವೆ. ಬಾಗಿಲ ದಪ್ಪ ಅಳೆಯಿರಿ. ಗಾಜು ಇಳಿಯುವ ಬಾಗಿಲು ದಪ್ಪ, ಟೂರರ್‌ನ ಬಾಗಿಲು ತೆಳ್ಳಗೆ. ಒಳಗಿನ ರೆಕ್ಸಿನ್ ಸರಿಸಿದರೆ ಗಾಜಿನ ಹಿಡಿ ಇದ್ದ ತೂತು ಮುಚ್ಚಿದ ಗುರುತು ಸಿಗುತ್ತದೆ, ಬಾಗಿಲ ತಲೆಯಲ್ಲಿ ಗಾಜಿನ ಸೀಳಿಗೆ ಬೆಸೆದ ಪಟ್ಟಿ ಸಿಗುತ್ತದೆ. ನಿಜವಾದ ಟೂರರ್‌ನ ವಿಂಡ್‌ಸ್ಕ್ರೀನ್ ಕಂಬ ಬೋಲ್ಟ್ ಹಾಕಿ ಕೂರಿಸಿದ್ದು. ಸೆಡಾನ್‌ನಲ್ಲಿ ಕಂಬ ಬಾಡಿಯಿಂದಲೇ ಎದ್ದಿರುತ್ತದೆ. ಕತ್ತರಿಸಿದ ಬುಡಕ್ಕೆ ಪುಟ್ಟಿ ಮೆತ್ತಿರುತ್ತಾರೆ, ಸಣ್ಣ ಅಯಸ್ಕಾಂತ ಅಲ್ಲಿ ಹಿಡಿಯುವುದಿಲ್ಲ. ಎಂಜಿನ್ ನಂಬರು, ಚಾಸಿ ನಂಬರು ನೋಡಿದರೆ ಬಾಡಿ ಯಾವುದೆಂದು ತಿಳಿಯದು, ಏಕೆಂದರೆ ಎಲ್ಲ ಬಾಡಿಗೂ ಚಾಸಿ ಒಂದೇ.

ಆದ್ದರಿಂದ ಆರ್‌ಸಿಯಲ್ಲಿ ಬಾಡಿಯ ಬಗೆ ಏನೆಂದು ಬರೆದಿದೆ, ಎದುರಿಗೆ ಏನು ನಿಂತಿದೆ ಎಂದು ತಾಳೆ ನೋಡಿ. 2021ರ ನಿಯಮದಂತೆ 50 ವರ್ಷ ಮೀರಿದ, ಮೂಲರೂಪದಲ್ಲಿರುವ ವಾಹನಕ್ಕಷ್ಟೇ ವಿಂಟೇಜ್ ನೋಂದಣಿ; ಚಾಸಿ, ಬಾಡಿ, ಎಂಜಿನ್ ಗಣನೀಯವಾಗಿ ಬದಲಾಗಿರಬಾರದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಹತ್ತು ವರ್ಷದ ಅವಧಿ, ಮರುನೋಂದಣಿಗೆ 5,000. ಹಾಗೆ ನೋಂದಾಯಿಸಿದ ಗಾಡಿಯನ್ನು ದಿನದ ಓಡಾಟಕ್ಕೆ, ಬಾಡಿಗೆಗೆ ಬಳಸುವಂತಿಲ್ಲ. ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕಿಸುವುದಕ್ಕೆ ಹೊರಡಬಹುದು.

ನನ್ನ ಆಯ್ಕೆ ಟ್ಯೂಡರ್. ನಾಲ್ಕು ಜನ ಹಿಡಿಸುತ್ತದೆ, ಮಳೆಗೆ ಗಾಜು ಏರಿಸಿದರಾಯಿತು, ಕೊಳೆಯುವ ಮರ ಕಡಿಮೆ, ಜನರಿಗೆ ರೋಡ್‌ಸ್ಟರ್ ಮೇಲೆ ಕಣ್ಣು ಇರುವುದರಿಂದ ಬೆಲೆಯೂ ಕಡಿಮೆ. ಟ್ಯೂಡರ್ ಸಿಗದಿದ್ದರೆ ಅಸಲಿ ಟೂರರ್, ಕಮಾನು ಮತ್ತು ಕರ್ಟನ್ ಕಂಬಿ ಪೂರ್ತಿಯಿದ್ದರೆ ಮಾತ್ರ. ಬಟ್ಟೆ ಹೊಲಿಸಬಹುದು, ಕಮಾನಿನ ಕಬ್ಬಿಣ ಊರಲ್ಲಿ ಸಿಗದು.

ಅಡ್ವಾನ್ಸ್ ಕೊಡುವ ಮುಂಚೆ ಎರಡು ಕೆಲಸ ಬಾಕಿ. ಗುಂಡಿ ಇರುವ ರಸ್ತೆಯಲ್ಲಿ 30 ಕಿ.ಮೀ. ವೇಗದಲ್ಲಿ ಹೋಗಿ ಬಾಗಿಲುಗಳನ್ನು ಗಮನಿಸಿ. ಮಾಡಿಲ್ಲದ ಟೂರರ್ ಬಾಡಿ ಸ್ವಲ್ಪ ತಿರುಚುತ್ತದೆ. ಬಾಗಿಲು ತಾನಾಗಿ ತೆರೆದುಕೊಂಡರೆ ಬಾಡಿ ಬೋಲ್ಟ್ ಸಡಿಲವಿದೆ, ಇಲ್ಲವೇ ಚಾಸಿಗೂ ಬಾಡಿಗೂ ನಡುವಿನ ಪ್ಯಾಡ್ ಕುಸಿದಿದೆ. ಗಾಡಿ ಸಮತಟ್ಟು ನೆಲದಲ್ಲಿ ನಾಲ್ಕೂ ಚಕ್ರದ ಮೇಲೆ ನಿಂತಿರುವಾಗ ತಗಡಿನ ಶಿಮ್ (ಸಂದಿ ತುಂಬುವ ತೆಳು ತುಂಡು) ಕೊಟ್ಟು ಸರಿಮಾಡಬಹುದಾದ ದೋಷ ಇದು, ಹೆದರಬೇಕಿಲ್ಲ; ಹೊಸ ಪ್ಯಾಡ್ ಹಾಕಿದ ಮೇಲೆ ಮೊದಲ ಕೆಲವು ನೂರು ಕಿ.ಮೀ. ಆದಾಗ ಇನ್ನೊಮ್ಮೆ ಬಿಗಿಯಬೇಕು. ಎರಡನೆಯದು ಮುಚ್ಚಿದ ಗಾಡಿಗೆ: ಮಾಡಿನ ಅಂಚಿನ ಸುತ್ತ ನಾಲ್ಕೈದು ಬಕೆಟ್ ನೀರನ್ನು ನಿಧಾನ ಸುರಿದು, ಒಳಗೆ ಟಾರ್ಚ್ ಹಿಡಿದು ಕಾಲು ಗಂಟೆ ಕೂರಿ. ನೀರು ಇಣುಕಿದ ಕಡೆಯೆಲ್ಲ ಸೀಮೆಸುಣ್ಣದ ಗೆರೆ ಎಳೆದು, ಆಮೇಲೆ ಬೆಲೆಯ ಮಾತಿಗೆ ಮಾಲೀಕರನ್ನು ಒಳಗೆ ಕರೆಯಿರಿ.